ಮಾವ, ತಾತನ ಜಾವಾ ಬ್ಲಾಕನ್ನು ಅಳೆಸದೆ ಗುಜರಿಗೆ ಕೊಡಬೇಡಿ

ಮಾವ, ಬೆಳಿಗ್ಗೆ ಗ್ರೂಪಿನಲ್ಲಿ ನೀವು ಹಾಕಿದ ಮೂರೂ ಫೋಟೋ ನೋಡಿದೆ. ತಾತನ 1964ರ ಜಾವಾ ಬೈಕಿನ ಇಂಜಿನ್ ಬಿಚ್ಚಿಸಿದ್ದೀರಿ, ಬ್ಲಾಕ್ ಒಳಗೆ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್ ಒಳಗೆ, ಗೀರು ಬಿದ್ದಿದೆ, ಮೆಕ್ಯಾನಿಕ್ ‘ಇದು ಮುಗೀತು, ತೂಕಕ್ಕೆ ಹಾಕಿ’ ಅಂದಿದ್ದಾನೆ. ಏನು ಮಾಡಲಿ ಅಂತ ಕೇಳಿದ್ದೀರಿ. ಟೈಪ್ ಮಾಡುತ್ತಾ ಕೂತರೆ ಆಗಲ್ಲ, ಅದಕ್ಕೆ ಮಾತಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳಿ.

ಇಂಜಿನ್ ನಂಬರ್ ಈ ಬ್ಲಾಕ್ ಮೇಲೆ ಇರುವುದಿಲ್ಲ. ಬ್ಲಾಕ್ ಕೂರುವ ಕೆಳಗಿನ ಪೆಟ್ಟಿಗೆ, ಅಂದರೆ ಕೇಸ್ ಮೇಲೆ ಇರುತ್ತದೆ. ಆರ್‌ಸಿಯಲ್ಲಿ ಇರುವುದೂ ಅದೇ ನಂಬರ್. ಹಾಗಾಗಿ ಬ್ಲಾಕ್ ನಿಜಕ್ಕೂ ಹೋಗಿದ್ದರೆ ಬೇರೆ ಹುಡುಕಿ ಹಾಕಬಹುದು, ಕಾಗದಪತ್ರಕ್ಕೆ ತೊಂದರೆ ಇಲ್ಲ. ಆದರೆ ಕೇಸ್ ಮಾತ್ರ ಯಾರ ಕೈಗೂ ಕೊಡಬೇಡಿ. ಗುಜರಿಯವರು ‘ಇಂಜಿನ್ ಪೂರ್ತಿ ಕೊಡಿ’ ಅಂತಾರೆ. ಅದು ಹೋದರೆ ಗಾಡಿಯೇ ಹೋದ ಹಾಗೆ.

ಈಗ ಬ್ಲಾಕ್ ವಿಷಯ. ಗೀರು ನೋಡಿ ಯಾರೂ ತೀರ್ಪು ಹೇಳೋಕೆ ಆಗಲ್ಲ ಮಾವ. ಇದು ಬೀಡು ಕಬ್ಬಿಣದ ಬ್ಲಾಕ್. ಬೋರ್ ಹೊಡೆಸಿ, ಅಂದರೆ ಒಳಗೋಡೆ ಕೊರೆಸಿ ಅಗಲ ಮಾಡಿಸಿ, ದೊಡ್ಡ ಪಿಸ್ಟನ್ ಹಾಕುವುದಕ್ಕೆ ಅಂತಲೇ ಗೋಡೆ ದಪ್ಪ ಬಿಟ್ಟಿರುತ್ತಾರೆ. ಹೊಸದರಲ್ಲಿ ಬೋರ್, ಅಂದರೆ ಒಳಗಿನ ಅಗಲ, 65 ಮಿಲಿಮೀಟರ್. ಸವೆದಾಗ ಕಾಲು ಮಿಲಿಮೀಟರ್ ಲೆಕ್ಕದಲ್ಲಿ ಮುಂದಕ್ಕೆ ಹೋಗುತ್ತಾರೆ, 65.25, 65.50, ಹೀಗೆ. ನಿಮ್ಮ ಹಳೇ ಪಿಸ್ಟನ್ ತಲೆ ಮೇಲೆ ಕರಿ ಕಟ್ಟಿದೆಯಲ್ಲ, ಅದನ್ನು ಡೀಸೆಲ್ ಹಾಕಿ ಮೆತ್ತಗೆ ಒರೆಸಿ. ಒತ್ತಿದ ಅಳತೆ ಕಾಣುತ್ತದೆ. 65.50 ಅಂತಲೋ, ಬರೀ 0.50 ಅಂತಲೋ ಇದ್ದರೆ ಸ್ಟಾಂಡರ್ಡ್‌ನಿಂದ ಅರ್ಧ ಮಿಲಿಮೀಟರ್ ಆಗಲೇ ಮುಗಿದಿದೆ ಅಂತ ಅರ್ಥ.

ಆಮೇಲೆ ಒಳಗಿನ ಅಗಲ ಅಳೆಯುವ ಬೋರ್ ಗೇಜ್ ಹಾಕಿಸಬೇಕು. ಮೇಲೆ, ಮಧ್ಯ, ಕೆಳಗೆ. ಹಿಂದೆ-ಮುಂದೆ ಒಂದು ಸಲ, ಎಡ-ಬಲ ಒಂದು ಸಲ. ಜಾಸ್ತಿ ಸವೆಯುವುದು ಪಿಸ್ಟನ್ ಸುತ್ತ ಇರುವ ರಿಂಗ್‌ಗಳಲ್ಲಿ ಮೇಲಿನದು ಬಂದು ನಿಲ್ಲುವ ಜಾಗದಲ್ಲಿ. ಅಲ್ಲಿ ಉಗುರು ಎಳೆದು ನೋಡಿ, ಒಂದು ಏಣು ಸಿಗುತ್ತದೆ. ಈಗ 65.50 ಪಿಸ್ಟನ್ ಇದೆ, ಜಾಸ್ತಿ ಸವೆದ ಜಾಗದಲ್ಲಿ 65.80 ಬಂತು ಅಂತ ಇಟ್ಟುಕೊಳ್ಳಿ. 65.75 ಹಾಕೋಕೆ ಆಗಲ್ಲ, ಆ ಸವೆತ ಹೋಗುವುದೇ ಇಲ್ಲ. ನೇರ 66ಕ್ಕೆ ಹೋಗಬೇಕು. ಗೀರಿನ ಆಳವನ್ನೂ ಇದೇ ಲೆಕ್ಕದಲ್ಲಿ ನೋಡಬೇಕು. ಆ ಸೈಜಿನ ಪಿಸ್ಟನ್ ಸಿಕ್ಕಿದರೆ ಬ್ಲಾಕ್ ಉಳಿಯಿತು.

ಮಾವ, ಇದನ್ನು ಮಾತ್ರ ಮರೀಬೇಡಿ: ಮೊದಲು ಪಿಸ್ಟನ್ ಕೈಗೆ ಬರಬೇಕು, ಆಮೇಲೆ ಬೋರಿಂಗ್. ಪಿಸ್ಟನ್ ಅಳೆದು, ಅದಕ್ಕೆ ಬೇಕಾದ ಗ್ಯಾಪ್ ಬಿಟ್ಟು ಬೋರ್ ಹೊಡೀಬೇಕು. ನಮ್ಮ ಯೆಜ್ಡಿ ಬ್ಲಾಕ್ ಒಂದು ಅಂಗಡಿಗೆ ಕೊಟ್ಟಿದ್ದಾಗ ಅವರು ಪಿಸ್ಟನ್ ನೋಡದೇ ಬೋರ್ ಹೊಡೆದರು. ಮೊದಲ ವಾರದಲ್ಲೇ ಪಿಸ್ಟನ್ ಒಳಗೇ ಹಿಡಿದುಕೊಂಡು ಸೀಜ್ ಆಯಿತು. ಇನ್ನೊಂದು ತಪ್ಪೂ ಆಗಿತ್ತು. ಟೂ ಸ್ಟ್ರೋಕ್ ಅಲ್ವಾ, ಗೋಡೆಯಲ್ಲೇ ಪೆಟ್ರೋಲ್-ಗಾಳಿ ಬರುವ, ಹೊಗೆ ಹೋಗುವ ಪೋರ್ಟ್ ಕಿಂಡಿಗಳಿರುತ್ತವೆ. ಬೋರ್ ಹೊಡೆದ ಮೇಲೆ ಕಿಂಡಿಯ ಅಂಚು ಚೂಪಾಗುತ್ತದೆ. ಅದನ್ನು ಕೈಯಲ್ಲಿ ಉಜ್ಜಿ ಮೊಂಡು ಮಾಡಬೇಕು. ಅವರು ಮಾಡಿರಲಿಲ್ಲ, ರಿಂಗ್ ಸಿಕ್ಕಿ ಮುರಿಯಿತು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ. ಒಳ್ಳೇ ಬ್ಲಾಕ್ ಅದು.

ಬ್ಲಾಕ್ ಒಳಗೆ ಹೊಸ ಕೊಳವೆ ಕೂರಿಸುವ ಲೈನರ್ ಹಾಕಿಸಿ ಅಂತಲೂ ಯಾರಾದರೂ ಹೇಳಬಹುದು. ಬೇರೆ ದಾರಿ ಇಲ್ಲದಾಗ ಮಾತ್ರ. ಹೊಸ ಲೈನರಿನಲ್ಲಿ ಪೋರ್ಟ್ ಕಿಂಡಿಗಳನ್ನು ಹಳೇ ಎತ್ತರಕ್ಕೇ ಕೊರೆಯಬೇಕು. ಸ್ವಲ್ಪ ಮೇಲೆ ಕೆಳಗೆ ಆದರೂ ಹೊಗೆ ಹೊರಗೆ ಹೋಗುವ ಹೊತ್ತು ಬದಲಾಗುತ್ತದೆ, ಗಾಡಿಗೆ ಎಳೆತ ಇರಲ್ಲ.

ನಿಮ್ಮ ಎರಡನೇ ಫೋಟೋದಲ್ಲಿ ಬ್ಲಾಕಿನ ಹೊರಗೆ ಬಿಸಿ ಆರಿಸುವ ಪಟ್ಟಿಗಳಲ್ಲಿ, ಅಂದರೆ ಫಿನ್‌ಗಳಲ್ಲಿ, ಎರಡು ಮುರಿದಿವೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನನಗೆ ಭಯ ಇರುವುದು ಸೈಲೆನ್ಸರ್ ಪೈಪಿನ ರಿಂಗ್ ನಟ್ ಕೂರುವ ಕಡೆ. ಅಲ್ಲಿ ಥ್ರೆಡ್ ತಿಂದುಹೋಗಿದ್ದರೆ ಪೈಪ್ ನಿಲ್ಲಲ್ಲ. ಅದೇ ಜಾಗದಲ್ಲಿ ಬಿರುಕು ಇದೆಯಾ ಅಂತಲೂ ನೋಡಬೇಕು. ಬ್ಲಾಕ್ ಚೆನ್ನಾಗಿ ತೊಳೆದು, ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಪೂರ್ತಿ ಒರೆಸಿ ಚಾಕ್ ಪೀಸ್ ಪುಡಿ ಉದುರಿಸಿ. ಬಿರುಕಿದ್ದರೆ ಒಳಗಿಂದ ಎಣ್ಣೆ ಜಿನುಗಿ ಪುಡಿ ಮೇಲೆ ಗೆರೆ ಮೂಡುತ್ತದೆ. ಬೋರಿನ ಗೋಡೆವರೆಗೆ ಬಿರುಕು ಹೋಗಿದ್ದರೆ, ಆಗ ನಾನೇ ಹೇಳುತ್ತೇನೆ, ಈ ಬ್ಲಾಕ್ ಬಿಡೋಣ, ಬೇರೆ ಹುಡುಕೋಣ ಅಂತ.

ಹಾಗೇ ಪಿಸ್ಟನ್ನನ್ನು ಕೆಳಗಿನ ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಹಿಡಿದು ನೇರ ಮೇಲಕ್ಕೆ ಕೆಳಕ್ಕೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಆಡಿದರೆ ಪರವಾಗಿಲ್ಲ. ಮೇಲೆ ಕೆಳಗೆ ಟಕ್ ಅಂದರೆ ಕ್ರ್ಯಾಂಕ್ ಕೆಲಸವೂ ಇದೆ, ಖರ್ಚು ಜಾಸ್ತಿ ಆಗುತ್ತದೆ. ಅದು ತಿಳಿಯದೆ ಬೋರಿಂಗಿಗೆ ದುಡ್ಡು ಹಾಕಬೇಡಿ.

ಮೈಸೂರಿನ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು ಮಾವ. ಹಳೇ ಮಾಲು ಇನ್ನು ಹುಟ್ಟಲ್ಲ. ತಾತ ಇದೇ ಗಾಡಿಯಲ್ಲಿ ಅಮ್ಮನನ್ನೂ ನಿಮ್ಮನ್ನೂ ಸ್ಕೂಲಿಗೆ ಬಿಟ್ಟವರು. ಒಂದು ಗೇಜ್ ಕೂಡ ಹಾಕದೆ ಅದನ್ನು ತೂಕಕ್ಕೆ ಹಾಕೋಕೆ ನನಗೆ ಮನಸ್ಸು ಬರಲ್ಲ.

ಇವತ್ತು ಪಿಸ್ಟನ್ ತಲೆಯ ಫೋಟೋ ಕಳಿಸಿ. ಬ್ಲಾಕ್ ಒಳಗೆ ಇಂಜಿನ್ ಆಯಿಲ್ ಸವರಿ, ಬಟ್ಟೆ ಸುತ್ತಿ ಇಡಿ. ಬಿಚ್ಚಿಟ್ಟ ಬೀಡು ಬೇಗ ತುಕ್ಕು ಹಿಡಿಯುತ್ತದೆ. ಭಾನುವಾರ ಗೇಜ್ ತಗೊಂಡು ನಾನೇ ಬರುತ್ತೇನೆ.