ವ್ಯಾಲಿಡೇಶನ್ ಅಂದರೆ ‘ಮೌಲ್ಯೀಕರಣ’ವೇ? ‘ರುಜುವಾತು’ ಆಗಬಹುದೇ?

ಗೆಳೆಯರೇ,

ಔಷಧಿ ತಯಾರಿಕೆಯಲ್ಲಿ ಬಳಸುವ ಕಂಪ್ಯೂಟರ್ ವ್ಯವಸ್ಥೆಗಳ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಗಾಡಿ ನಿಂತಿದೆ. ‘ಕಂಪ್ಯೂಟರ್ ಸಿಸ್ಟಮ್ ವ್ಯಾಲಿಡೇಶನ್’ ಅನ್ನುವುದಕ್ಕೆ ಏನು ಹೇಳೋಣ? ದಿನಾ ಈ ಕೆಲಸ ಮಾಡುವವರು ‘ಸಿಎಸ್‌ವಿ’ ಅನ್ನುತ್ತಾರೆ, ‘ಆ ಸಾಫ್ಟ್‌ವೇರ್ ವ್ಯಾಲಿಡೇಟ್ ಆಗಿದೆಯಾ?’ ಅಂತ ಕೇಳುತ್ತಾರೆ. ಮಾತಿಗೆ ಅಷ್ಟು ಸಾಕು. ಆದರೆ ಹೊಸಬರಿಗೆ ಅದು ಏನು ಕೆಲಸ ಅಂತ ಹೇಳುವಾಗ ವ್ಯಾಲಿಡೇಶನ್ ಅನ್ನುವ ಪದ ಏನನ್ನೂ ಬಿಟ್ಟುಕೊಡುವುದಿಲ್ಲ.

‘ಮೌಲ್ಯೀಕರಣ’ ಅಂದರೆ ಯಾರೋ ಬೆಲೆ ಕಟ್ಟುತ್ತಿದ್ದಾರೆ ಅನ್ನಿಸುತ್ತದೆ. ‘ಸಿಂಧುತ್ವ’ ಮತಪತ್ರಕ್ಕೆ ಸರಿ, ಸಿಂಧು ಇಲ್ಲವೇ ಅಸಿಂಧು, ಸಾಫ್ಟ್‌ವೇರ್‌ಗೆ ಹೊಂದುವುದಿಲ್ಲ. ‘ಊರ್ಜಿತ’ ಕೋರ್ಟಿನ ಪದ. ‘ದೃಢೀಕರಣ’ವನ್ನು ಒಟಿಪಿಯವರು ಆಗಲೇ ಹಿಡಿದುಕೊಂಡಿದ್ದಾರೆ. ‘ಪರೀಕ್ಷೆ’ ಅಂದರೆ ಕೆಲಸದ ಒಂದು ತುಂಡು ಮಾತ್ರ ಬಂತು.

ಹಾಗಾದರೆ ಪೂರ್ತಿ ಕೆಲಸ ಏನು? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1987ರ ಮಾರ್ಗಸೂಚಿಯಲ್ಲಿ ಪ್ರಕ್ರಿಯೆಗಳ ವ್ಯಾಲಿಡೇಶನ್‌ಗೆ ಒಂದು ವ್ಯಾಖ್ಯೆ ಕೊಟ್ಟಿತ್ತು. ಸರಳವಾಗಿ ಹೇಳಿದರೆ, ಮೊದಲೇ ಗೊತ್ತುಮಾಡಿಕೊಂಡ ಗುಣಮಟ್ಟ ಪ್ರತಿ ಸಲವೂ ಸಿಗುತ್ತದೆ ಅಂತ ಬಲವಾದ ಭರವಸೆ ಕೊಡುವ ಲಿಖಿತ ಆಧಾರ. ತೂಕ ಇರುವುದು ಆ ‘ಲಿಖಿತ ಆಧಾರ’ದಲ್ಲಿ. ನೀವು ನೂರು ಸಲ ಪರೀಕ್ಷೆ ಮಾಡಿರಬಹುದು, ಬರೆದಿಟ್ಟಿಲ್ಲ ಅಂದರೆ ತಪಾಸಣೆಗೆ ಬಂದವರ ಲೆಕ್ಕದಲ್ಲಿ ನೀವು ಮಾಡೇ ಇಲ್ಲ.

ಒಂದು ಉದಾಹರಣೆ ನೋಡಿ. ಲಸಿಕೆ ಇಡುವ ಫ್ರಿಜ್‌ನ ತಾಪಮಾನ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು, ಅದನ್ನು ದಾಖಲಿಸುವ ಸಾಫ್ಟ್‌ವೇರ್ ಇದೆ. ಮೊದಲು, ಗೊತ್ತುಮಾಡಿದ ಆವೃತ್ತಿಯೇ ಆ ಯಂತ್ರದಲ್ಲಿ ಕೂತಿದೆಯಾ ಅಂತ ತಾಳೆ ನೋಡುತ್ತಾರೆ. ಆಮೇಲೆ ಸೆನ್ಸರನ್ನು ಬೇಕಂತಲೇ ಬಿಸಿ ಮಾಡಿ, 8 ದಾಟಿದ ಕೂಡಲೇ ಅಲಾರಂ ಬರುತ್ತದೆಯಾ ಅಂತ ನೋಡುತ್ತಾರೆ. ಕೊನೆಗೆ, ದಿನಾ ಬಳಸುವ ಜನ, ತುಂಬಿದ ಫ್ರಿಜ್, ಮತ್ತೆ ಮತ್ತೆ ತೆರೆದು ಮುಚ್ಚುವ ಬಾಗಿಲು, ಇದೆಲ್ಲದರ ನಡುವೆಯೂ ಅದು ಸರಿಯಾಗಿ ನಡೆಯುತ್ತದೆಯಾ ಅಂತ. ಪ್ರತಿ ಹೆಜ್ಜೆಗೂ ಏನು ಆಗಬೇಕಿತ್ತು, ಏನು ಆಯಿತು, ನೋಡಿದವರು ಯಾರು, ಸಹಿ, ತಾರೀಖು. ಬರೀ ‘ಸರಿ ಇದೆ’ ಅಂತ ಟಿಕ್ ಹಾಕಿದರೆ ನಡೆಯುವುದಿಲ್ಲ.

ಅದಕ್ಕೇ ನನಗೆ ‘ರುಜುವಾತು’ ಹಿಡಿಸಿದೆ. ‘ವ್ಯವಸ್ಥೆಯ ರುಜುವಾತು’, ‘ಈ ಸಾಫ್ಟ್‌ವೇರ್ ರುಜುವಾತಾಗಿದೆ’. ರುಜು ಅಂದರೆ ಸಹಿ ಅನ್ನುವ ಅರ್ಥವೂ ಹತ್ತಿರದಲ್ಲೇ ಇದೆ, ಈ ಕೆಲಸದಲ್ಲಿ ಸಹಿ ಇಲ್ಲದ ಪುಟವೇ ಇಲ್ಲ ಅಲ್ವಾ! ‘ವೆರಿಫಿಕೇಶನ್’ಗೆ ‘ತಾಳೆ’ ಸಾಕು. ಬರೆದುಕೊಂಡಿದ್ದಕ್ಕೂ ಕಟ್ಟಿದ್ದಕ್ಕೂ ಹೋಲಿಸುವುದು ತಾನೇ.

ಮೇಲಿನ ಮೂರು ಹಂತಗಳ ಹೆಸರೇ ದೊಡ್ಡ ತಲೆನೋವು. ರೂಢಿಯಲ್ಲಿ ಐಕ್ಯೂ, ಓಕ್ಯೂ, ಪಿಕ್ಯೂ, ಅಂದರೆ ಇನ್‌ಸ್ಟಲೇಶನ್, ಆಪರೇಶನಲ್, ಪರ್ಫಾರ್ಮೆನ್ಸ್ ಕ್ವಾಲಿಫಿಕೇಶನ್. ‘ಕ್ವಾಲಿಫಿಕೇಶನ್’ ಅನ್ನು ‘ಅರ್ಹತೆ’ ಅಂದರೆ ಯಂತ್ರ ಡಿಗ್ರಿ ಮುಗಿಸಿದ ಹಾಗೆ ಕೇಳಿಸುತ್ತದೆ. ‘ಆಪರೇಶನ್’ಗೆ ‘ಕಾರ್ಯಾಚರಣೆ’ ಹಾಕಿದರೆ ಪೊಲೀಸರು ನೆನಪಾಗುತ್ತಾರೆ. ‘ಪರ್ಫಾರ್ಮೆನ್ಸ್’ಗೆ ‘ನಿರ್ವಹಣೆ’ ಅಂದರೆ ಇನ್ನೂ ಅಪಾಯ, ಅದನ್ನು ‘ಮೇಂಟೆನೆನ್ಸ್’ಗೂ ಬಳಸುತ್ತೇವೆ, ಎರಡೂ ಒಂದೇ ಕೈಪಿಡಿಯಲ್ಲಿ ಬರುತ್ತವೆ. ಸದ್ಯಕ್ಕೆ ‘ಅಳವಡಿಕೆ ತಾಳೆ, ಕೆಲಸದ ತಾಳೆ, ಬಳಕೆ ತಾಳೆ’ ಅಂತ ಬರೆದಿದ್ದೇನೆ.

‘ಆಡಿಟ್ ಟ್ರೇಲ್’ಗೆ ‘ಲೆಕ್ಕಪರಿಶೋಧನಾ ಜಾಡು’ ಅಂತ ಯಾರೂ ಹೇಳಬೇಡಿ, ದಯವಿಟ್ಟು. ಅಲ್ಲಿ ಲೆಕ್ಕವೂ ಇಲ್ಲ, ಪರಿಶೋಧನೆಯೂ ಇಲ್ಲ. ಅಲಾರಂ ಮಿತಿಯನ್ನು ಯಾರೋ 8ರಿಂದ 10ಕ್ಕೆ ಏರಿಸಿದರೆ, ಯಾರು, ಯಾವಾಗ, ಹಳೆಯದು ಎಷ್ಟಿತ್ತು ಅನ್ನುವುದು ತಾನಾಗೇ ದಾಖಲಾಗಬೇಕು, ಹಳೆಯದು ಅಳಿಸಬಾರದು. ಎಲೆಕ್ಟ್ರಾನಿಕ್ ದಾಖಲೆ, ಸಹಿಗಳ ಬಗ್ಗೆ 1997ರಲ್ಲಿ ಬಂದ ಅಮೆರಿಕದ ನಿಯಮ 21 ಸಿಎಫ್‌ಆರ್ ಪಾರ್ಟ್ 11 ಇದನ್ನೇ ಕೇಳುತ್ತದೆ. ಕಂಪ್ಯೂಟರ್ ವ್ಯವಸ್ಥೆಗಳಿಗೆ ಯುರೋಪಿನ ಮಾರ್ಗಸೂಚಿಯಾದ ಅನೆಕ್ಸ್ 11 ಬದಲಾವಣೆಗೆ ಕಾರಣವನ್ನೂ ಬರೆದಿಡಿ ಅನ್ನುತ್ತದೆ. ‘ಬದಲಾವಣೆಯ ಜಾಡು’ ಅಂದರೆ ಮುಗಿಯಿತು.

ಈಗ ತೊಡಕಿಗೆ ಬರುತ್ತೇನೆ. ‘ರುಜುವಾತಾಗಿದೆ’ ಅಂದರೆ ಒಂದು ಸಲ ಮಾಡಿ ಕೈತೊಳೆದುಕೊಂಡ ಹಾಗೆ ಕೇಳಿಸುತ್ತದೆ. ನಿಜದಲ್ಲಿ ಹಾಗಿಲ್ಲ. ಎಫ್‌ಡಿಎ 2002ರಲ್ಲಿ ಹೊರತಂದ ಸಾಫ್ಟ್‌ವೇರ್ ವ್ಯಾಲಿಡೇಶನ್ ಮಾರ್ಗಸೂಚಿಯಲ್ಲಿ ಒಂದು ಲೆಕ್ಕ ಇದೆ: 1992ರಿಂದ 1998ರ ನಡುವೆ ವೈದ್ಯಕೀಯ ಸಾಧನಗಳನ್ನು ವಾಪಸ್ ಪಡೆದ 3140 ಪ್ರಕರಣಗಳಲ್ಲಿ 242ಕ್ಕೆ ಸಾಫ್ಟ್‌ವೇರ್ ಕಾರಣ, ಅದರಲ್ಲೂ 192ರಲ್ಲಿ ದೋಷ ನುಸುಳಿದ್ದು ಮೊದಲ ಬಿಡುಗಡೆಯ ನಂತರ ಮಾಡಿದ ಬದಲಾವಣೆಗಳಿಂದ. ಅಂದರೆ ಪ್ಯಾಚ್ ಹಾಕಿದಾಗೆಲ್ಲ ರುಜುವಾತು ಮತ್ತೆ ಕಟ್ಟಬೇಕು, ಕನಿಷ್ಠ ಆ ಬದಲಾವಣೆ ಮುಟ್ಟಿದಷ್ಟಾದರೂ. ‘ವ್ಯಾಲಿಡೇಟೆಡ್ ಸ್ಟೇಟ್’ ಅನ್ನುತ್ತಾರಲ್ಲ, ಆ ಸ್ಥಿತಿಯನ್ನು ಕಾಪಾಡಿಕೊಳ್ಳುವುದಕ್ಕೆ ನನ್ನ ಹತ್ತಿರ ಪದ ಇಲ್ಲ.

ಇನ್ನೊಂದು, ಲಾಗಿನ್ ಪರದೆಗಳಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್‌ಗೆ ‘ರುಜುವಾತುಗಳು’ ಅಂತ ಕನ್ನಡೀಕರಿಸಿದ್ದಾರೆ. ನಮ್ಮ ಕೈಪಿಡಿಯಲ್ಲೂ ಲಾಗಿನ್ ಅಧ್ಯಾಯ ಇದೆ. ಎರಡೂ ಒಟ್ಟಿಗೆ ಬಂದರೆ ಓದುವವರು ಎಡವುತ್ತಾರಾ, ಅಥವಾ ಲಾಗಿನ್‌ಗೆ ‘ಗುರುತಿನ ವಿವರ’ ಅಂತ ಹಾಕಿ ‘ರುಜುವಾತು’ ಉಳಿಸಿಕೊಳ್ಳಲಾ? ಲ್ಯಾಬ್, ಕಾರ್ಖಾನೆ ಕಡೆ ಕೆಲಸ ಮಾಡುವವರು ಬಾಯಲ್ಲಿ ಬೇರೇನಾದರೂ ಬಳಸುತ್ತಿದ್ದರೆ ಅದನ್ನೂ ತಿಳಿಸಿ.