ಬೆಕ್ಕಿನ ರಕ್ತದಲ್ಲಿ ಅಮೋನಿಯಾ ಏರಿದರೆ ‘ನಂಜು’ ಅನ್ನಬಹುದೇ?

ಬೆಕ್ಕು ಸಾಕುವವರಿಗಾಗಿ ಲಿವರ್ ತೊಂದರೆಯ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಅಮೋನಿಯಾ ಪರೀಕ್ಷೆಯ ಭಾಗದಲ್ಲಿ ‘ನಂಜು’ ಎಂಬ ಪದ ಬಳಸಲೋ ಬೇಡವೋ ಎಂದು ತಿಳಿಯುತ್ತಿಲ್ಲ. ಬಲ್ಲವರು ಹೇಳಿ.

ವಿಷಯ ಇಷ್ಟು. ತಿಂದ ಪ್ರೋಟೀನ್ ಕರುಳಿನಲ್ಲಿ ಒಡೆಯುವಾಗ ಅಮೋನಿಯಾ ಹುಟ್ಟುತ್ತದೆ. ಲಿವರ್ ಅದನ್ನು ಯೂರಿಯಾ ಮಾಡುತ್ತದೆ, ಅದು ಮೂತ್ರದಲ್ಲಿ ಹೋಗುತ್ತದೆ. ಲಿವರ್ ಸೋತರೆ, ಅಥವಾ ಕರುಳಿನ ರಕ್ತ ಲಿವರನ್ನು ಬಿಟ್ಟು ಅಡ್ಡನಾಳದಲ್ಲಿ ಹರಿದರೆ, ಅಮೋನಿಯಾ ಮಿದುಳಿಗೆ ಮುಟ್ಟುತ್ತದೆ. ಬೆಕ್ಕು ಮಂಕಾಗುತ್ತದೆ, ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಫಿಟ್ಸ್ ಕೂಡ ಬರಬಹುದು.

‘ರಕ್ತಕ್ಕೆ ನಂಜೇರಿದೆ’ ಅಂದರೆ ಎಲ್ಲರಿಗೂ ಥಟ್ಟನೆ ನಾಟುತ್ತದೆ, ನಿಜ. ಆದರೆ ನಂಜು ಅಂದಕೂಡಲೇ ಕೀವಾದ ಗಾಯ, ಹಾವಿನ ಕಡಿತ ನೆನಪಾಗುತ್ತವೆ ಅಲ್ವಾ? ಇಲ್ಲಿ ಹೊರಗಿನಿಂದ ಬಂದದ್ದೇನೂ ಇಲ್ಲ. ನನಗೆ ಅದಕ್ಕಿಂತ ಹೆಚ್ಚು ಭಯ ಪಥ್ಯದ ಅರ್ಥದ್ದು. ‘ಅದು ನಂಜು, ತಿನ್ನಬೇಡ’ ಅನ್ನುತ್ತೇವಲ್ಲ, ಆ ನಂಜು. ಅದನ್ನೇ ಹಿಡಿದು ಯಾರಾದರೂ ಬೆಕ್ಕಿಗೆ ಮಾಂಸ ಪೂರ್ತಿ ನಿಲ್ಲಿಸಿಬಿಟ್ಟರೆ? ಅಮೋನಿಯಾವನ್ನು ಯೂರಿಯಾ ಮಾಡಲು ಅರ್ಜಿನೀನ್ ಬೇಕು, ಅಂದರೆ ಮಾಂಸದ ಪ್ರೋಟೀನಿನಲ್ಲಿ ಸಿಗುವ ಒಂದು ಅಮೈನೋ ಆಮ್ಲ. ಬೆಕ್ಕಿನ ದೇಹ ಅದನ್ನು ಬೇಕಾದಷ್ಟು ತಯಾರಿಸಿಕೊಳ್ಳುವುದಿಲ್ಲ, ಆಹಾರದಿಂದಲೇ ಸಿಗಬೇಕು. ಅರ್ಜಿನೀನ್ ಇಲ್ಲದ ಒಂದೇ ಊಟದಿಂದ ಕೆಲವೇ ಗಂಟೆಗಳಲ್ಲಿ ಬೆಕ್ಕಿನ ಅಮೋನಿಯಾ ಏರುತ್ತದೆಂದು 1978ರಲ್ಲೇ ತೋರಿಸಿದ್ದಾರೆ. ಪ್ರೋಟೀನ್ ಎಷ್ಟು ಕೊಡಬೇಕೆಂದು ಡಾಕ್ಟರೇ ಹೇಳಬೇಕು. ಹಾಗಾಗಿ ಸದ್ಯಕ್ಕೆ ‘ರಕ್ತದಲ್ಲಿ ಅಮೋನಿಯಾ ಜಾಸ್ತಿಯಾಗಿದೆ’ ಎಂದಷ್ಟೇ ಬರೆದಿದ್ದೇನೆ.

‘ಜೊಲ್ಲು ಸುರಿಸು’ ಕೂಡ ತೊಡಕಿನದೇ. ಬೆಕ್ಕುಗಳಲ್ಲಿ ಇದು ಈ ತೊಂದರೆಯ ಮುಖ್ಯ ಗುರುತು. ಓದುವವರು ಮಾತ್ರ ತಿಂಡಿಯ ಆಸೆ ಅಂದುಕೊಳ್ಳಬಹುದು. ‘ಬಾಯಿಂದ ಜೊಲ್ಲು ಇಳಿಯುತ್ತಲೇ ಇರುತ್ತದೆ’ ಅಂದರೆ ಸಾಕೆನಿಸುತ್ತದೆ.

ಪರೀಕ್ಷೆಯ ಅಂಕಿಗೆ ‘ಹುಸಿ ಏರಿಕೆ’ ಎಂಬ ಮಾತು ಬಳಸಿದ್ದೇನೆ. ತೆಗೆದ ರಕ್ತವನ್ನು ಐಸಿನಲ್ಲಿಟ್ಟು ಬೇಗನೆ ಪ್ಲಾಸ್ಮಾ (ರಕ್ತಕಣ ಬಿಟ್ಟು ಉಳಿಯುವ ದ್ರವ) ಬೇರೆ ಮಾಡಬೇಕು. ಸುಮ್ನೆ ಹೊರಗಿಟ್ಟರೆ ಟ್ಯೂಬಿನೊಳಗೇ ರಕ್ತಕಣಗಳಿಂದ ಅಮೋನಿಯಾ ಬಿಡುಗಡೆಯಾಗಿ ಅಂಕಿ ಏರುತ್ತದೆ, ಬೆಕ್ಕಿನ ಲಿವರ್ ಚೆನ್ನಾಗಿದ್ದರೂ. ‘ಸುಳ್ಳು ವರದಿ’ ಅಂದರೆ ಲ್ಯಾಬಿನವರು ಮೋಸ ಮಾಡಿದಂತೆ ಕೇಳಿಸುತ್ತದೆ, ಅದಕ್ಕೇ ಹುಸಿ.

ನಿಮ್ಮ ಕಡೆಯ ಮಾತಿನಲ್ಲಿ, ದೇಹ ತಾನೇ ಮಾಡಿಕೊಂಡು ಹೊರಹಾಕಲಾಗದೆ ಉಳಿದದ್ದಕ್ಕೂ ನಂಜು ಅನ್ನುವುದುಂಟೇ? ಇಲ್ಲದಿದ್ದರೆ ಬೇರೆ ಪದ ಯಾವುದು?