ಸೋತ ಪಂದ್ಯ, ಮಾತು ಬಿಟ್ಟ ಗೆಳತಿಯರು: ಓದುಗರ ಸ್ಪಂದನ

ಬಾಗಲಕೋಟೆಯ ಪದವಿ ವಿದ್ಯಾರ್ಥಿನಿಯೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಂಕಟವನ್ನು ಬರೆದುಕೊಂಡಿದ್ದರು. ವಿಜಯಪುರದಲ್ಲಿ ನಡೆದ ಅಂತರ ಕಾಲೇಜು ಮಹಿಳಾ ಕಬಡ್ಡಿಯ ಅಂತಿಮ ಪಂದ್ಯದಲ್ಲಿ ಅಂಕಗಳು 24–24 ಸಮನಾಗಿದ್ದಾಗ ಎದುರಾಳಿ ರೇಡರ್‌ನ ಕಾಲ್ಬೆರಳು ಅವರ ಮೊಣಕಾಲಿಗೆ ತಾಗಿತು. ಅಂಪೈರ್ ಅದನ್ನು ಗಮನಿಸಿರಲಿಲ್ಲವಾದರೂ ಅವರು ತಾವಾಗಿಯೇ ಕೈ ಎತ್ತಿ ಹೊರನಡೆದರು. ತಂಡ ಒಂದು ಅಂಕದಿಂದ ಸೋತಿತು. ನಾಯಕಿಯೂ ಸೇರಿದಂತೆ ಹಾಸ್ಟೆಲ್ ಕೋಣೆಯ ಮೂವರು ಗೆಳತಿಯರು ಅಂದಿನಿಂದ ಮಾತು ಬಿಟ್ಟಿದ್ದಾರೆ. ‘ನಾನು ಮಾಡಿದ್ದು ತಪ್ಪೇ?’ ಎಂಬ ಅವರ ಪ್ರಶ್ನೆಗೆ ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ತಂಗಿ, ನೀನು ಮಾಡಿದ್ದು ತಪ್ಪಲ್ಲ. ಮೂವತ್ತೊಂದು ವರ್ಷ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದವನು ನಾನು. ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಮಣ್ಣಿನ ಅಂಕಣದಲ್ಲಿ ಆಡಿಸುತ್ತಿದ್ದ ಕಾಲದಲ್ಲಿ, ಮೊದಲರ್ಧ ಮುಗಿಯುವಷ್ಟರಲ್ಲಿ ಗೆರೆಯೇ ಅಳಿಸಿಹೋಗಿರುತ್ತಿತ್ತು. ಮುಟ್ಟಿಸಿಕೊಂಡವರು ತಾವಾಗಿ ಕೈ ಎತ್ತದಿದ್ದರೆ ಆಟ ಮುಂದೆ ಸಾಗುತ್ತಲೇ ಇರಲಿಲ್ಲ. ಈಗ ಮ್ಯಾಟ್ ಬಂದಿದೆ, ಒಂದು ದಾಳಿಗೆ 30 ಸೆಕೆಂಡಿನ ಲೆಕ್ಕವಿದೆ, ಒಬ್ಬ ರೆಫರಿ ಮತ್ತು ಇಬ್ಬರು ಅಂಪೈರ್‌ಗಳಿರುತ್ತಾರೆ. ಆದರೂ ಏಳು ಜನ ಕೈಕೈ ಹಿಡಿದು ಒಬ್ಬಳನ್ನು ಸುತ್ತುವರಿದಾಗ ಯಾರ ಬೆರಳು ಎಲ್ಲಿ ತಾಗಿತೆಂಬುದು ತಾಗಿಸಿಕೊಂಡವಳಿಗಷ್ಟೇ ನಿಚ್ಚಳವಾಗಿ ಗೊತ್ತಿರುತ್ತದೆ.

ನಮ್ಮ ನಾಡಿನವರೇ ಆದ ಜಿ.ಆರ್. ವಿಶ್ವನಾಥ್ ಅವರ ಪ್ರಸಂಗವನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದೆ. 1980ರಲ್ಲಿ ಮುಂಬೈಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ಐದು ವಿಕೆಟ್‌ಗಳು 58 ರನ್ನಿಗೆ ಉರುಳಿದ್ದವು. ಆಗ ಬಾಬ್ ಟೇಲರ್ ಅವರಿಗೆ ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಸ್ಲಿಪ್‌ನಲ್ಲಿದ್ದ ನಾಯಕ ವಿಶ್ವನಾಥ್ ಅವರಿಗೆ ಅನಿಸಿದ್ದರಿಂದ, ಅವರು ಅಂಪೈರ್ ಬಳಿ ಮಾತಾಡಿ ಟೇಲರ್ ಅವರನ್ನು ಮರಳಿ ಕರೆದರು. ಟೇಲರ್ ಮತ್ತು ಬೋಥಮ್ ಜೋಡಿ 171 ರನ್ ಸೇರಿಸಿತು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಈ ಕಥೆಯನ್ನು ಗೆಲುವಿನೊಂದಿಗೆ ಮುಗಿಸಲು ಆಗುವುದಿಲ್ಲವಾದ್ದರಿಂದಲೇ ನನಗೆ ಅದು ಇಷ್ಟ. ಅಲ್ಲಿ ನಿರ್ಧಾರ ಮಾಡಿದವರು ಸ್ವತಃ ನಾಯಕರಾಗಿದ್ದುದರಿಂದ ತಂಡದೊಳಗೆ ಉತ್ತರಿಸುವ ಹೊಣೆಯೂ ಅವರದೇ ಆಗಿತ್ತು. ನಿನಗೆ ಆ ಅನುಕೂಲವಿರಲಿಲ್ಲ. ನಾನು ತಪ್ಪು ಹೊರಿಸುವುದಾದರೆ, ಅಂದು ಸಂಜೆಯೇ ಏಳೂ ಹುಡುಗಿಯರನ್ನು ಕೂರಿಸಿಕೊಂಡು ಮಾತಾಡದೆ ಬಸ್ಸು ಹತ್ತಿಸಿದ ಹಿರಿಯರ ಮೇಲೆ ಹೊರಿಸುತ್ತೇನೆ.

— ನಿವೃತ್ತ ಶಿಕ್ಷಕ, ಜಮಖಂಡಿ

*

ನಿಮ್ಮ ಪತ್ರವನ್ನು ಓದುವಾಗ ನಾನು ನಿಮ್ಮ ಜಾಗದಲ್ಲಿರಲಿಲ್ಲ, ನಿಮ್ಮ ನಾಯಕಿಯ ಜಾಗದಲ್ಲಿದ್ದೆ. ಇಪ್ಪತ್ತು ವರ್ಷಗಳ ಹಿಂದೆ ನಾನೂ ಕಾಲೇಜು ತಂಡದ ನಾಯಕಿಯಾಗಿದ್ದೆ. ನಮ್ಮ ಎಡ ಮೂಲೆಯ ಆಟಗಾರ್ತಿ ಹೀಗೆಯೇ ಕೈ ಎತ್ತಿದಳು, ನಾವು ಸೋತೆವು, ನಾನು ಅವಳೊಂದಿಗೆ ಎರಡು ವರ್ಷ ಮಾತಾಡಲಿಲ್ಲ. ಸೋಲಿಸಿದಳೆಂಬ ಸಿಟ್ಟು ಎಂದು ಎಲ್ಲರಿಗೂ ಹೇಳುತ್ತಿದ್ದೆ, ನಾನೂ ಅದನ್ನೇ ನಂಬಿದ್ದೆ. ನಿಜ ಸಂಗತಿ ಬೇರೆ ಇತ್ತು. ತಾಗಿದ್ದನ್ನು ನಾನೂ ಕಂಡಿದ್ದೆ. ಕಂಡೂ ‘ಟಚ್ ಆಗಿಲ್ಲ ಸರ್, ಆಗಿಲ್ಲ’ ಎಂದು ಅಂಪೈರ್ ಮುಂದೆ ಕೂಗುತ್ತಿದ್ದೆ; ನನ್ನ ಕೂಗು ಮುಗಿಯುವ ಮೊದಲೇ ಅವಳ ಕೈ ಮೇಲೆ ಹೋಯಿತು. ನೆರೆದ ಜನ ಅವಳಿಗೆ ಚಪ್ಪಾಳೆ ತಟ್ಟಿದರು. ಅಷ್ಟು ಜನರ ನಡುವೆ ಬಾಯಿ ತೆರೆದುಕೊಂಡೇ ನಿಂತಿದ್ದವಳು ನಾನೊಬ್ಬಳೇ. ಆ ನಾಚಿಕೆಯನ್ನು ನುಂಗಲಾರದೆ ಅದನ್ನು ಸಿಟ್ಟು ಮಾಡಿಕೊಂಡೆ, ಸಿಟ್ಟು ಸಾಕಿಕೊಳ್ಳುವುದು ಸುಲಭ.

ನಿಮ್ಮ ಗೆಳತಿಯರ ಮನಸ್ಸಿನಲ್ಲಿಯೂ ಇದೇ ಇದೆಯೆಂದು ನಾನು ಹೇಳಲಾರೆ. ಆದರೆ ನೀವು ಅವರ ಬಳಿ ಹೋದಾಗ ನಿಮ್ಮ ಪ್ರಾಮಾಣಿಕತೆಯ ಮಾತನ್ನು ಎತ್ತಬೇಡಿ. ಕೈ ಎತ್ತಿದ್ದಕ್ಕೆ ಕ್ಷಮೆಯನ್ನೂ ಕೇಳಬೇಡಿ, ಕೇಳಿದರೆ ಅದು ಸುಳ್ಳಾಗುತ್ತದೆ. ಸೋಲಿನ ಮಾತನ್ನು ಎತ್ತಿರಿ. ಆ 24 ಅಂಕಗಳಲ್ಲಿ ನಾಯಕಿ ತಂದ ಅಂಕಗಳೆಷ್ಟು, ಏಳೂ ಜನ ಔಟಾಗಿ ಲೋನಾ ಬಿಟ್ಟುಕೊಟ್ಟದ್ದು ಯಾವಾಗ, ಬೋನಸ್ ಗೆರೆ ದಾಟಲು ಬಿಟ್ಟದ್ದು ಯಾರು ಎಂಬುದನ್ನೆಲ್ಲ ಒಟ್ಟಿಗೆ ಕುಳಿತು ನೆನಪಿಸಿಕೊಳ್ಳಿ. ಪಂದ್ಯ ಒಂದೇ ಗಳಿಗೆಯಲ್ಲಿ ಸೋತದ್ದಲ್ಲವೆಂದು ಆಗ ಅವರಿಗೇ ಕಾಣುತ್ತದೆ, ಆ ಸೋಲು ನಿಮಗೂ ನೋವು ಕೊಟ್ಟಿದೆಯೆಂಬುದು ಅವರಿಗೆ ಬಹುಶಃ ಮೊದಲ ಸಲ ತಿಳಿಯುತ್ತದೆ. ಇನ್ನೊಂದು ಮಾತು, ಸ್ವಲ್ಪ ಕಟುವಾಗಿ ಕಾಣಬಹುದು: ಈ ಪತ್ರವನ್ನು ನೀವು ಪತ್ರಿಕೆಗೆ ಬರೆದಿದ್ದೀರಿ. ಹೆಸರಿಲ್ಲದಿದ್ದರೂ ಹಾಸ್ಟೆಲ್‌ನಲ್ಲಿ ಗುರುತು ಸಿಗದೇ ಇರುವುದಿಲ್ಲ. ಬೇರೆಯವರು ಅವರಿಗೆ ಇದನ್ನು ತೋರಿಸುವ ಮೊದಲು ನೀವೇ ಹೇಳಿಬಿಡಿ.

ನನ್ನ ಗೆಳತಿ ಕರೆಯದಿದ್ದರೂ ನನ್ನ ಮದುವೆಗೆ ಬಂದು ಅಕ್ಕಿಕಾಳು ಹಾಕಿ, ಊಟಕ್ಕೂ ನಿಲ್ಲದೆ ಹೋದಳು. ಮರುವಾರ ನಾನೇ ಅವಳ ಮನೆ ಹುಡುಕಿಕೊಂಡು ಹೋದೆ.

— ಗೃಹಿಣಿ, ನವನಗರ, ಬಾಗಲಕೋಟೆ

*

ನಾನು ಓಟಗಾರ್ತಿ, ಕಬಡ್ಡಿಯ ಒಳಹೊರಗು ನನಗೆ ಗೊತ್ತಿಲ್ಲ. ಆದರೆ 2012ರ ಡಿಸೆಂಬರ್‌ನಲ್ಲಿ ಸ್ಪೇನ್‌ನ ಬುರ್ಲಾಡದಲ್ಲಿ ನಡೆದ ಕ್ರಾಸ್ ಕಂಟ್ರಿ ಓಟವನ್ನು ನಿಮಗೆ ನೆನಪಿಸಬೇಕೆನಿಸಿತು. ಮುಂದಿದ್ದ ಕೀನ್ಯಾದ ಏಬೆಲ್ ಮುಟಾಯ್ ಗುರಿ ತಲುಪಿದೆನೆಂದು ತಪ್ಪು ತಿಳಿದು ಕೆಲವೇ ಮೀಟರ್ ಮೊದಲು ನಿಂತರು. ಹಿಂದೆ ಬಂದ ಇವಾನ್ ಫರ್ನಾಂಡಿಸ್ ಅವರನ್ನು ದಾಟಿ ಹೋಗದೆ, ಭಾಷೆ ಬಾರದ ಕಾರಣ ಕೈಸನ್ನೆಯಲ್ಲಿ ದಾರಿ ತೋರಿಸಿ, ತಾವು ಎರಡನೆಯವರಾದರು. ಜಗತ್ತು ಹೊಗಳಿತು. ಆದರೆ ಅವರ ಸ್ವಂತ ತರಬೇತುದಾರ, ಮ್ಯಾರಥಾನ್ ವಿಶ್ವ ಚಾಂಪಿಯನ್ ಆಗಿದ್ದ ಮಾರ್ಟಿನ್ ಫಿಜ್ ಮಾತ್ರ, ಒಳ್ಳೆಯ ಅವಕಾಶವೊಂದು ಕೈತಪ್ಪಿತೆಂದು ಬೇಸರ ವ್ಯಕ್ತಪಡಿಸಿದರು. ನಮ್ಮೊಂದಿಗೆ ಬೆವರು ಸುರಿಸಿದವರಿಗೇ ನಮ್ಮ ನಡೆ ಮೊದಲು ನೋಯಿಸುತ್ತದೆ. ದೂರದವರಿಗೆ ಹೊಗಳುವುದಕ್ಕೆ ಏನೂ ಖರ್ಚಾಗುವುದಿಲ್ಲ.

— ವಿದ್ಯಾರ್ಥಿನಿ, ಬೆಳಗಾವಿ

*

ನಮ್ಮ ತಾಲೀಮಿನಲ್ಲಿ ಕುಸ್ತಿಗೆ ಇಳಿಯುವ ಮೊದಲು ಎದುರಿನ ಜೋಡಿಯ ಕೈಗೆ ಮಣ್ಣು ಕೊಟ್ಟು ಕೈ ಕುಲುಕುತ್ತೇವೆ. ನಿಮ್ಮ ಪತ್ರದಲ್ಲಿ ಎದುರಾಳಿ ಹುಡುಗಿಯ ಸುದ್ದಿಯೇ ಇಲ್ಲವಲ್ಲ. ಅವಳು ಏನಾದರೂ ಅಂದಳೇ? ಅವಳೊಂದಿಗೆ ನಾಲ್ಕು ಮಾತಾಡಿ. ಮುಂದಿನ ವರ್ಷ ಮತ್ತೆ ಎದುರಾಗುವವಳು ಅವಳೇ.

— ಹಳೆಯ ಪೈಲ್ವಾನ, ಮುಧೋಳ

*

ಮಗಳೇ, ಮೂವರೊಂದಿಗೂ ಒಮ್ಮೆಲೇ ಮಾತಾಡಲು ಹೋಗಬೇಡ. ಮೂವರು ಕೂಡಿದರೆ ಒಬ್ಬರಿಗೊಬ್ಬರು ಬಿಗಿಯುತ್ತಾರೆ. ಅವರಲ್ಲಿ ಮೆತ್ತಗಿರುವವಳು ಯಾರೆಂದು ನಿನಗೆ ಗೊತ್ತೇ ಇರುತ್ತದೆ. ದಸರೆ ಹತ್ತಿರ ಬಂದಿದೆ, ಎಲ್ಲರೂ ಊರಿಗೆ ಹೋಗುತ್ತೀರಿ. ನಮ್ಮ ಕಡೆ ವರ್ಷವಿಡೀ ಮಾತು ಬಿಟ್ಟ ಅಣ್ಣತಮ್ಮಂದಿರೂ ವಿಜಯದಶಮಿಯ ಸಂಜೆ ಒಬ್ಬರ ಮನೆಗೊಬ್ಬರು ಹೋಗಿ ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಎಂದು ಎಲೆ ಕೊಡುತ್ತಾರೆ. ಬನ್ನಿ ಕೊಟ್ಟವರಿಗೆ ಬೇಡವೆನ್ನುವ ರೂಢಿಯಿಲ್ಲ. ಹಳೆಯ ಜಗಳದ ಮಾತನ್ನು ಅಂದು ತೆಗೆಯುವುದೂ ಇಲ್ಲ. ಊರಿನ ಬನ್ನಿ ಗಿಡದ ನಾಲ್ಕು ಎಲೆ ಪುಸ್ತಕದೊಳಗಿಟ್ಟು ತಂದು, ರಜೆ ಮುಗಿದ ಮೊದಲ ಬೆಳಿಗ್ಗೆ, ಪ್ರಾಕ್ಟೀಸಿಗೆ ಇಳಿಯುವ ಮೊದಲು ಕೊಡು. ಜೊತೆಗೆ ಕಟಕ ರೊಟ್ಟಿ, ಶೇಂಗಾ ಚಟ್ನಿಯನ್ನೂ ಕಟ್ಟಿಸಿಕೊಂಡು ಹೋಗು. ಹಾಸ್ಟೆಲ್ ಊಟ ಹೇಗಿರುತ್ತದೆಂದು ನನ್ನ ಮಗಳಿಂದ ಕೇಳಿದ್ದೇನೆ.

— ಒಬ್ಬ ತಾಯಿ, ಇಂಡಿ